ನಿಂತು ಭಾಂಡೆ ತೊಳೆದವಳು

ಪಂಚಶೀಲಾಳನ್ನು ನಾನು ಮೊದಲು ನೋಡಿದ್ದು ಅವಳು ಕೂರಲು ಒಲ್ಲೆನೆಂದ ದಿನ. ಶಹಾಪುರದ ನಮ್ಮ ಹೆಣ್ಣುಮಕ್ಕಳ ವಸತಿನಿಲಯದ ಹಿತ್ತಲಲ್ಲಿ, ನಲ್ಲಿಯ ಕೆಳಗೆ ಒಂದು ಕಲ್ಲಿತ್ತು. ಭಾಂಡೆ ತಿಕ್ಕಲು ಬಂದ ಹೆಂಗಸರು ಮೂವತ್ತು ವರ್ಷಗಳಿಂದ ಕುಕ್ಕರಗಾಲಲ್ಲಿ ಕೂತು ಕೂತು ಅದು ಕನ್ನಡಿಯಂತೆ ನುಣುಪಾಗಿತ್ತು. ಅಂದು ಮುಂಜಾನೆ ಎಂಬತ್ತನಾಲ್ಕು ತಾಟುಗಳ ರಾಶಿ ಬಿದ್ದಿತ್ತು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕಿಟಕಿಯಿಂದ ನೋಡುತ್ತಿದ್ದೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಖಾಕಿ ಅಂಗಿ ತೊಟ್ಟ, ನಲವತ್ತರ ಆಸುಪಾಸಿನ, ಎತ್ತರದ ಹೆಂಗಸೊಬ್ಬಳು ಆ ಕಲ್ಲನ್ನು ಒಮ್ಮೆ ಸುತ್ತಿದಳು. ಗೋಡೆಗೆ ಒರಗಿಸಿಟ್ಟಿದ್ದ ಎರಡು ಶಹಾಬಾದ್ ಪರಸಿಗಳನ್ನು, ಆ ಚಪ್ಪಟೆ ಹಾಸುಗಲ್ಲುಗಳನ್ನು, ಎಳೆದು ತಂದು, ಇಟ್ಟಿಗೆ ಪೇರಿಸಿ, ಅವುಗಳ ಮೇಲೆ ಸೊಂಟದೆತ್ತರಕ್ಕೆ ಹಾಸಿ, ನಲ್ಲಿಗೆ ಪೈಪು ಸಿಗಿಸಿ, ನಿಂತು ತೊಳೆಯತೊಡಗಿದಳು.

ವಸತಿನಿಲಯದ ಕಾರ್ಯದರ್ಶಿ ಚನ್ನಯ್ಯನವರು ವರಾಂಡದಿಂದಲೇ ಕೂಗಿದರು: “ಕುಂತು ತೊಳೀಬೇಕವ್ವಾ, ನಿಂತ್ರ ನೀರು ಸಿಡೀತದ.”

“ಸಿಡೀಲ್ರಿ. ಅಂಗಿ ಅದಕ್ಕೇ ಹಾಕ್ಕೊಂಡೀನಿ,” ಎಂದಳು, ತಲೆಯನ್ನೂ ಎತ್ತದೆ.

ಅವಳ ತಾಯಿ ಸಾವಿತ್ರಿಬಾಯಿ ರಾಮಸಮುದ್ರದಲ್ಲಿ ಮದುವೆಮನೆಗಳ ಮುಸುರೆ ತಿಕ್ಕಿ ಬದುಕಿದವಳು. ತನ್ನನ್ನು ಅಂಗಳದೊಳಗೆ ಕರೆಯದವರ ಎಂಜಲನ್ನು ಅಂಗಳದ ಹೊರಗೆ ಕೂತು ತೊಳೆದವಳು. “ಸತ್ತ ಮ್ಯಾಲೂ ಅವ್ವನ ಮೊಣಕಾಲು ನೆಟ್ಟಗ ಆಗ್ಲಿಲ್ಲ, ಆಯಿ,” ಎಂದು, ವಯಸ್ಸಾದ ನನ್ನನ್ನು ಆಯಿ ಎಂದೇ ಕರೆಯುತ್ತಿದ್ದ ಪಂಚಶೀಲಾ ಒಮ್ಮೆ ಮಾತ್ರ ಹೇಳಿದಳು. ಮತ್ತೆ ಆ ಮಾತು ಎತ್ತಲಿಲ್ಲ. ಅವಳ ನಡಿಗೆಯನ್ನು ನೋಡಿದಾಗಲೆಲ್ಲ ನನಗೆ ಅದು ನೆನಪಾಗುತ್ತಿತ್ತು: ಹಿಮ್ಮಡಿಯನ್ನು ಗಟ್ಟಿಯಾಗಿ ಊರಿ, ಮೊಣಕಾಲನ್ನು ಪೂರ್ತಿ ಚಾಚಿ, ನೆಲವನ್ನು ಅಳೆಯುವವಳಂತೆ ಹೆಜ್ಜೆಯಿಡುತ್ತಿದ್ದಳು.

ಅವಳ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಿರುತ್ತಿತ್ತು: “ಸಾಬೀತ ಮಾಡ್ರಿ.” ಹೊಸ ಜೋಳವೇ ಸರಿಯಿಲ್ಲ, ಅದಕ್ಕೇ ರೊಟ್ಟಿ ಹರಿಯುತ್ತದೆ ಎಂದು ನಾನು ಗೊಣಗಿದ ದಿನ ಅವಳು ಎರಡು ಬುಟ್ಟಿ ಹಿಟ್ಟು ತಂದಿಟ್ಟಳು, ಒಂದು ಹಳೆಯ ಜೋಳದ್ದು, ಒಂದು ಹೊಸದರದ್ದು. ಎರಡೂ ಹರಿದವು. ನೀರು ಸಾಕಷ್ಟು ಕಾದಿರಲಿಲ್ಲ, ಅಷ್ಟೇ. ಐವತ್ತು ವರ್ಷ ರೊಟ್ಟಿ ಬಡಿದ ಕೈಯನ್ನು ಹೀಗೆ ಪರೀಕ್ಷೆಗೆ ಒಡ್ಡಿದವರು ಬೇರೆ ಯಾರೂ ಇರಲಿಲ್ಲ.

ಇನ್ನೊಂದನ್ನೂ ಬರೆಯಲೇಬೇಕು. ನಾನು ಮನೆಯಿಂದ ತಂದ ತಾಟಿನಲ್ಲಿ ಉಂಡು, ಅದನ್ನು ತೊಳೆದ ನೀರನ್ನೂ ಕುಡಿದು, ಸೆರಗಿನಲ್ಲಿ ಒರೆಸಿ, ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತಿದ್ದೆ. ಅದು ನಮ್ಮ ಮನೆತನದ ರೂಢಿ ಎನ್ನುತ್ತಿದ್ದೆ. ಒಂದು ದಿನ ಅವಳು ಕೇಳಿದಳು: “ತೊಳದು ಕುಡಿಯೂದು ಪ್ರಸಾದ, ಅದು ನನಗ ತಿಳೀತದ. ಆಮ್ಯಾಲ ಬಚ್ಚಿಡೂದು ಏನು, ಆಯಿ?” ಅವಳ ಕೈ ಅದಕ್ಕೆ ತಾಗಬಾರದೆಂಬ ಉತ್ತರವಿತ್ತು, ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ. ಮರುದಿನದಿಂದ ನನ್ನ ತಾಟೂ ಅವಳ ರಾಶಿಗೆ ಬೀಳತೊಡಗಿತು.

ಹೀಗಿರುವಾಗ ಕಲಬುರಗಿಯಲ್ಲಿ ಮುಚ್ಚಿದ ಹೋಟೆಲೊಂದರಿಂದ ದಾನಿಯೊಬ್ಬರು ಪಾತ್ರೆ ತೊಳೆಯುವ ಹಳೆಯ ಮಷಿನ್ ಕಳಿಸಿಕೊಟ್ಟರು. ಪಂಚಶೀಲಾ ಅಂದು ಬಳಿಚಕ್ರಕ್ಕೆ ತಂಗಿಯ ಮಗುವಿಗೆ ಹೆಸರಿಡಲು ಹೋಗಿದ್ದಳು. ಫಿಟರ್ ಬಂದು ಅದನ್ನು ಜೋಡಿಸಿ, ನನ್ನ ಕಡೆ ಏನೋ ಎರಡು ಮಾತು ಹೇಳಿ, ಊಟವನ್ನೂ ಮಾಡದೆ ಬಸ್ಸು ಹಿಡಿದ. ಆಮೇಲೆ ಅವನ ಫೋನು ಹತ್ತಲಿಲ್ಲ.

ಮೊದಲ ವಾರ ತಾಟುಗಳು ಒಳಗೆ ಹೋದಂತೆಯೇ ಹೊರಗೆ ಬಂದವು: ಅಂಚಿಗೆ ಜೋಳದ ಹಿಟ್ಟು, ನಡುವೆ ಬೇಳೆಯ ಕಲೆ. ಪಂಚಶೀಲಾಳ ಜೊತೆ ತೊಳೆಯುತ್ತಿದ್ದ ಭೀಮವ್ವ, “ನಿನ್ನ ಮಷಿನ್ ಜಳಕ ಮಾಡಸೂದಿಲ್ಲ ಯವ್ವಾ, ಬರೇ ಉಗಿ ಕುಡಿಸಿ ಕಳಸ್ತದ,” ಎಂದು ನಕ್ಕಳು. ಚನ್ನಯ್ಯನವರು ನಗಲಿಲ್ಲ. ಸೋಮವಾರ ಕಮಿಟಿ ಬರುತ್ತದೆ, ಅಷ್ಟರೊಳಗೆ ಇದು ಹಸನಾಗಿ ತೊಳೆಯದಿದ್ದರೆ ಗುಜರಿಗೆ ಹಾಕುತ್ತೇವೆ, ಹಿತ್ತಲಿನ ಪರಸಿಗಳು ಹೊಸ ಮೆಟ್ಟಿಲಿಗೆ ಬೇಕು, ನೀವಿಬ್ಬರೂ ಮೊದಲಿನ ಹಾಗೆ ಕಲ್ಲಿನ ಮೇಲೆ ಕೂರಬೇಕು ಎಂದರು. ಪಂಚಶೀಲಾ ಖಾಕಿ ಅಂಗಿಯ ತೋಳು ಮಡಚಿ, “ಸೋಮವಾರಕ್ಕ ಇನ್ನ ಐದು ದಿನ ಅದ,” ಎಂದಳು.

ಅವಳ ರೀತಿಯೇ ಬೇರೆ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಅಂಚು ನೆಗ್ಗಿದ ಒಂದು ಗಿಲಾಸನ್ನು ಪ್ರತಿ ಸಲವೂ ಅದೇ ಮೂಲೆಯಲ್ಲಿಟ್ಟು ನೋಡುವುದು. ಬುಧವಾರ ತಳದ ಜಾಲರಿ ಬಿಚ್ಚಿದಳು. ಜೋಳದ ಹಿಟ್ಟು ಅಂಟಿನಂತೆ ಗಟ್ಟಿಯಾಗಿ ಕೂತಿತ್ತು. ಗುರುವಾರ ನೀರು ಚಿಮ್ಮುವ ರೆಕ್ಕೆಯನ್ನು ಕಳಚಿ, ಬಳೆಗೆ ಸಿಗಿಸಿದ್ದ ಪಿನ್ನಿನಿಂದ ಅದರ ತೂತುಗಳನ್ನು ಕೆದಕಿದಳು. ಹನ್ನೊಂದು ಸಾಸಿವೆ ಕಾಳು ಬಂದವು, ನಾನೇ ಎಣಿಸಿದೆ. ಶುಕ್ರವಾರ, ಭೀಮವ್ವ ತಾಟಿನ ಮೇಲೆ ತಾಟು ಒತ್ತಿ ತುಂಬುವುದನ್ನು ಪಂಚಶೀಲಾ ಬಿಡಿಸಿದಳು. ರೆಕ್ಕೆಗೆ ತಡೆಯಾಗಿದ್ದ ಹಿಟ್ಟು ನಾದುವ ದೊಡ್ಡ ಪರಾತವನ್ನು ಹೊರಗಿಟ್ಟಳು. ಹಿಟ್ಟು ಹೋಯಿತು, ಬೇಳೆ ಹೋಯಿತು. ಆದರೆ ಒಣಗಿದೊಡನೆ ಪ್ರತಿ ಗಿಲಾಸಿನ ಮೇಲೂ ವಿಭೂತಿ ಬಳಿದಂತೆ ಬಿಳಿಯ ಪೊರೆ. ಚನ್ನಯ್ಯನವರು ಅದರ ಮೇಲೆ ಬೆರಳಿನಿಂದ ಗೆರೆಯೆಳೆದು ತೋರಿಸಿ ಹೋದರು.

ಶನಿವಾರ ಅವಳು ಎರಡು ಗಿಲಾಸು ತೆಗೆದುಕೊಂಡು, ಒಂದನ್ನು ನಲ್ಲಿಯ ನೀರಿನಲ್ಲೂ ಇನ್ನೊಂದನ್ನು ಕುಡಿಯಲು ತರುವ ಫಿಲ್ಟರ್ ನೀರಿನಲ್ಲೂ ಅದ್ದಿ ಬಿಸಿಲಿಗಿಟ್ಟಳು. ಮೊದಲನೆಯದಕ್ಕೆ ಪೊರೆ, ಎರಡನೆಯದು ಶುಭ್ರ.

“ಸಾಬೀತ ಆಯ್ತು. ಮಷಿನ್‌ದು ತಪ್ಪಿಲ್ಲ. ನೀರು ಸವಳ ಅದ.”

“ಊರ ನೀರೆಲ್ಲ ಸವಳೇ. ಬೂದಿ ಹಚ್ಚಿ ಕೈಲೆ ತಿಕ್ಕಿದ್ರ ಹೋಗ್ತದ,” ಎಂದಳು ಭೀಮವ್ವ.

“ಮಷಿನ್ ಮಾಡಿದವ್ರಿಗೆ ಸವಳ ನೀರು ಗೊತ್ತಿರೂದಿಲ್ಲೇನು? ಏನರ ಉಪಾಯ ಇಟ್ಟಿರ್ತಾರ. ಆಯಿ, ಫಿಟರ್ ನೀರಿನ ಸುದ್ದಿ ಏನರ ತಗದಿದ್ನಾ?”

ನನ್ನ ಕೈಯಲ್ಲಿನ ಹಿಟ್ಟು ಅಲ್ಲೇ ನಿಂತಿತು. ತೆಗೆದಿದ್ದ. ಮಷಿನ್ನಿನ ಜೊತೆ ಹರಳುಪ್ಪಿನ ಒಂದು ಚೀಲ ಬಂದಿತ್ತು. ಒಳಗೊಂದು ಮುಚ್ಚಳ ತಿರುವಿ, ನೀರಿನ ಸುಣ್ಣ ಕಳೆದು ಅದು ಮೆದುವಾಗಲು ಈ ಉಪ್ಪು ಹಾಕಬೇಕೆಂದು ಹೇಳಿದ್ದ. ಬಾಯಿಗಿಟ್ಟರೆ ಕಹಿಯಾಗುವಷ್ಟು ಸವಳಿರುವ ನೀರಿಗೆ ಮತ್ತೆ ಉಪ್ಪು ಸುರಿಯುವವರುಂಟೇ, ಪಟ್ಟಣದವನಿಗೆ ನಮ್ಮ ನೀರು ಗೊತ್ತಿಲ್ಲ ಎಂದುಕೊಂಡು, ನಾನು ಆ ಚೀಲವನ್ನು ಉಪ್ಪಿನಕಾಯಿಯ ಭರಣಿಗೆ ಸುರಿದು, ಮಾವಿನ ಸುಗ್ಗಿಗೆಂದು ಬಟ್ಟೆ ಕಟ್ಟಿ ಇಟ್ಟಿದ್ದೆ. ಮಷಿನ್ನಿನ ಎದೆಯ ಮೇಲೆ ದಿನವೂ ಉರಿಯುತ್ತಿದ್ದ ಕೆಂಪು ದೀಪವನ್ನು ಕರೆಂಟ್ ಇರುವುದರ ಗುರುತೆಂದು ನಾವೆಲ್ಲ ನಂಬಿದ್ದೆವು. ಅದು ಉಪ್ಪು ಕೇಳುತ್ತಿತ್ತು.

ಆ ಹೊತ್ತಿಗೇ ಚನ್ನಯ್ಯನವರೂ ಬಂದು ನಿಂತರು. ಸುಮ್ಮನಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ತಪ್ಪದ ಲೆಕ್ಕದವಳು ದೇವಕ್ಕ, ಅವಳ ಕೈಯಲ್ಲಿ ಏನೂ ಕೆಡುವುದಿಲ್ಲ ಎಂದು ಆ ವಸತಿನಿಲಯದಲ್ಲಿ ಹೆಸರಾದವಳು ನಾನು. ಹಾಗೆ ಸುಮ್ಮನಿದ್ದೆನೆಂದರೆ ಇಬ್ಬರು ಹೆಂಗಸರು ಸೋಮವಾರ ಆ ಕಲ್ಲಿನ ಮೇಲೆ ಕೂರುವವರು. ಹೇಳಿದೆ, ಚೀಲ, ಭರಣಿ, ಬಟ್ಟೆ, ಎಲ್ಲವನ್ನೂ.

ಚನ್ನಯ್ಯನವರು ನಕ್ಕರು. “ಸವಳ ನೀರಿಗಿ ಉಪ್ಪು ಹಾಕಿದ್ರ ಸವಳ ಹೋಗ್ತದಂತ. ಇನ್ನ ಮಳಿಗಾಲದಾಗ ಛತ್ರಿ ಬದ್ಲಿ ನೀರು ಹೊತ್ಕೊಂಡು ಹೋಗ್ರಿ.”

“ಹೊತ್ಕೊಂಡು ಹೋಗೂದಾದ್ರ ನಿಮ್ಮನ್ನೂ ಕರೀತೀನ್ರಿ,” ಎಂದಳು ಪಂಚಶೀಲಾ. ನನ್ನ ಕಡೆ ತಿರುಗಿದಳು. ಬೈಗುಳಕ್ಕೆ ನಾನು ತಯಾರಾಗಿದ್ದೆ. “ಒಂದು ಕಾಳರ ಖರ್ಚ ಮಾಡೀರೇನು, ಆಯಿ?”

“ಇಲ್ಲವ್ವ.”

“ಛಲೋ ಆಯ್ತು. ತರ್ರಿ.”

ಮುಚ್ಚಳ ಕಷ್ಟಪಟ್ಟು ತಿರುಗಿತು. ಉಪ್ಪು ಸುರಿದೆವು, ಕೆಂಪು ದೀಪ ಆರಿತು. ಮೊದಲ ಸುತ್ತಿನಲ್ಲಿ ಪೊರೆ ತೆಳುವಾಯಿತು, ಭಾನುವಾರ ಸಂಜೆಯ ಮೂರನೆಯ ಸುತ್ತಿಗೆ ಅಂಚು ನೆಗ್ಗಿದ ಆ ಗಿಲಾಸಿನಲ್ಲಿ ನನ್ನ ಮುಖದ ಸುಕ್ಕುಗಳೆಲ್ಲ ಕಂಡವು.

ಸೋಮವಾರ ಕಮಿಟಿಯವರು ತಾಟುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಚನ್ನಯ್ಯನವರು ಒಪ್ಪಿದರು, ಆದರೆ ಹಳೆಯ ಕಲ್ಲಿನ ಕಡೆಗೆ ಒಂದು ಬಾಗಿಲು ತೆರೆದಿಟ್ಟೇ ಒಪ್ಪಿದರು: “ಹಸನ ಅದಾವ. ಆದ್ರೂ ಪಂಚಶೀಲಾ, ನಿನ್ನ ಕೈಯಾಗಿನ ಹೊಳಪು ಈ ಮಷಿನ್‌ಗೆ ಎಲ್ಲಿ ಬರಬೇಕು?”

“ಹೊಗಳಿ ಕಲ್ಲಿನ ಮ್ಯಾಲ ಕುಂದರಸಬ್ಯಾಡ್ರಿ,” ಎಂದಳು. “ಹಾಜರಿ ಬುಕ್ಕಿನಾಗ ಮುಸುರಿ ತಿಕ್ಕಾಕಿ ಅಂತ ಬರದೀರಿ. ಇಬ್ಬರ ಹೆಸರಿನ ಮುಂದೂ ಮಷಿನ್ ನಡಸಾಕಿ ಅಂತ ಬರೀರಿ. ನಾನು ನಿಂತು ನೋಡ್ತೀನಿ.” ಅವರು ಬರೆಯುವವರೆಗೆ ನಿಂತೇ ಇದ್ದಳು. ಭೀಮವ್ವ ತನ್ನ ಹೆಸರಿನ ಮುಂದಿನ ಹೊಸ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ, “ಒಣಗ್ಯಾವೇನು?” ಎಂದಳು.

ಒಂದು ವರ್ಷದ ಮೇಲೆ ಸುರಪುರದ ದೊಡ್ಡ ವಸತಿನಿಲಯದವರು ಎರಡು ಮಷಿನ್ ನೋಡಿಕೊಳ್ಳಲು ಅವಳನ್ನು ಕರೆದರು. ಇಂಥವರನ್ನು ಊರು ಹಟಮಾರಿ ಎನ್ನುತ್ತದೆ, ಸೊಕ್ಕಿನವಳು ಎನ್ನುತ್ತದೆ. ನಾನು ಹತ್ತಿರದಿಂದ ಕಂಡ ಹಟ ಬೇರೆಯೇ ಇತ್ತು. ಅದು ಕೂಗುವುದಿಲ್ಲ, ಜಾಲರಿ ಬಿಚ್ಚುತ್ತದೆ, ಕಾಳು ಕೆದಕುತ್ತದೆ, ತಪ್ಪು ಎಲ್ಲಿದೆಯೆಂದು ಕೊನೆಯ ಮುಚ್ಚಳದವರೆಗೂ ಹುಡುಕುತ್ತದೆ. ತಪ್ಪು ಮಾಡಿದವರನ್ನು ಕ್ಷಮಿಸೀತು, ಹಳೆಯ ಜಾಗಕ್ಕೆ ಮರಳಿ ಕೂರಿಸುವವರನ್ನು ಮಾತ್ರ ಒಪ್ಪದು. ಹಿಂದಕ್ಕೆ ತಳ್ಳುವ ಕೈಗಳು ಯಾವಾಗಲೂ ಬೈಯುತ್ತ ಬರುವುದಿಲ್ಲ, ಬೆನ್ನು ತಟ್ಟುತ್ತಲೂ ಬರುತ್ತವೆ ಎಂದು ಅರಿತ ಜನ ಇವರು.

ಸುರಪುರದ ಬಸ್ಸು ಹೊರಟಾಗ ಅವಳು ಕಿಟಕಿಯಿಂದ ಬಗ್ಗಿ ಕೇಳಿದಳು:

“ಆಯಿ, ನಾಳೆ ಯಾರರ ಬಂದು, ಇದೊಂದು ದಿನ ಭೀಮವ್ವ ಕುಂತು ತೊಳೀಲಿ ಅಂದ್ರ, ನೀವು ಏನಂತೀರಿ?”