ನಾನು ಮಿಂದ ನೀರು

ನಾನು ಎಣ್ಣೆ ಕುಡಿದು ಬೆಳಕು ಕೊಡುವ ಯಂತ್ರ. ನೂಲಿನಕೊಪ್ಪದ ಜನ ನನ್ನನ್ನೂ ನನ್ನ ತಗಡಿನ ಮನೆಯನ್ನೂ ಸೇರಿಸಿ ಪವರ್ ಹೌಸು ಎನ್ನುತ್ತಿದ್ದರು. ದೂರದ ಬಂದರಿನ ಎರಕದ ಮನೆಯಲ್ಲಿ ಹುಟ್ಟಿ, ರೈಲು ಹತ್ತಿ, ಕೊನೆಯ ಹನ್ನೆರಡು ಮೈಲಿಯನ್ನು ಎಂಟು ಜೋಡಿ ಎತ್ತಿನ ಬಂಡಿಯಲ್ಲಿ ಬಂದೆ. ಮೊದಲ ಸಂಜೆ ನೇಕಾರರ ಬೀದಿಯ ನಲವತ್ತು ಬಲ್ಬುಗಳು ಒಮ್ಮೆಗೇ ಹೊತ್ತಿಕೊಂಡವು! ಜನ ದೀಪಕ್ಕೆ ಕೈಮುಗಿದರು, ಆಮೇಲೆ ನನಗೂ ಮುಗಿದರು. ನನ್ನ ಆರು ಟನ್ನಿನ ಮೈ ಹಿಗ್ಗಿನಿಂದ ನಡುಗಿತು. ನಡುಗುವುದು ನನ್ನ ಕಸುಬೇ ಅನ್ನಿ.

ನನ್ನನ್ನು ನೋಡಿಕೊಳ್ಳುತ್ತಿದ್ದವನು ಗದಿಗೆಪ್ಪ. ಒಂದು ತತ್ವಪದ ಹಾಡದೆ ಅವನು ನನ್ನ ಚಕ್ರಕ್ಕೆ ಕೈ ಹಚ್ಚಿದವನಲ್ಲ. ಪದದ ತಾಳಕ್ಕೇ ನನ್ನ ಉಸಿರು ಕೂಡುತ್ತಿತ್ತು. ನಾನು ಹೊಗೆ ಕಾರುತ್ತಿದ್ದುದೂ ನಿಜ. ಪಡುವಣ ಗಾಳಿ ಎದ್ದರೆ ಹೆಂಗಸರು ಓಡೋಡಿ ಬಂದು ಒಣಹಾಕಿದ ಬಿಳಿ ನೂಲು ಎತ್ತಿಕೊಳ್ಳುತ್ತಿದ್ದರು. ನೂಲಿಗೆ ಬಣ್ಣ ಹಾಕುವ ದಾನವ್ವ ನನ್ನ ಕರಿ ಮುಖ ನೋಡಿ ಮಸಿಮೋತಿ ಎಂದು ಹೆಸರಿಟ್ಟಿದ್ದಳು. ಅದನ್ನೂ ನಾನು ಮುದ್ದಿನ ಹೆಸರೆಂದೇ ತಿಳಿದಿದ್ದೆ.

ಉಳಿದ ದಿನ ನನ್ನ ಹೊಲಸು ಎಣ್ಣೆ ಪೀಪಾಯಿ ಸೇರುತ್ತಿತ್ತು. ಆಯುಧಪೂಜೆಯ ಖಂಡೇನವಮಿಯಂದು ಮಾತ್ರ ರೀತಿಯೇ ಬೇರೆ. ಗದಿಗೆಪ್ಪ ಸೀಮೆಎಣ್ಣೆಯಿಂದ ನನ್ನ ವರ್ಷದ ಕೊಳೆ ತಿಕ್ಕಿ, ಇಪ್ಪತ್ತೊಂದು ಕೊಡ ನೀರು ಹೊಯ್ದು, ವಿಭೂತಿ ಬಳಿಯುತ್ತಿದ್ದ. ಪೂಜೆಯ ನೀರನ್ನು ಹೊಲಸು ಪೀಪಾಯಿಗೆ ಹಾಕುವುದುಂಟೆ? ಯಾರೂ ತುಳಿಯಬಾರದೆಂದು ಕಾಲುವೆ ತೋಡಿ ಬಿಲ್ವದ ಗಿಡದ ಬುಡಕ್ಕೆ ಬಿಟ್ಟ. ಗಿಡದಿಂದ ಹತ್ತು ಮಾರು ಆಚೆಗೆ ನೇಕಾರರ ಸಿಹಿನೀರಿನ ಬಾವಿ. ಹದಿನಾಲ್ಕು ನವಮಿಗಳು ಹೀಗೇ ಕಳೆದವು. ಬಿಲ್ವ ಒಣಗಿದಾಗಲೂ ಹುಳ ಬಿದ್ದಿದೆ ಎಂದುಕೊಂಡ.

ಒಂದು ಮುಂಜಾನೆ ದಾನವ್ವ ಚಿಬ್ಬು ಚಿಬ್ಬಾಗಿ ಬಣ್ಣ ಹಿಡಿದ ನೂಲಿನ ಲಡಿ ತಂದು ಅವನ ಮುಂದೆ ಹಿಡಿದಳು. ಬಾವಿಯ ನೀರಿನ ಮೇಲೆ ಎಣ್ಣೆಯ ಕಾಮನಬಿಲ್ಲು ತೇಲುತ್ತಿತ್ತಂತೆ. ನಾನು ಮಿಂದ ನೀರು ಅಲ್ಲಿಗೇ ಇಂಗಿತ್ತು.

"ಅದು ತೀರ್ಥ, ತಂಗಿ. ಯಾರೂ ತುಳೀಬಾರ್ದಂತ ಬಿಟ್ಟೀನಿ," ಎಂದ ಗದಿಗೆಪ್ಪ.

"ತುಳಿಯೂದು ಬ್ಯಾಡ ಅಂದಿ, ಚಲೋ ಆತು. ಕುಡೀಬೇಕೇನು ಮತ್ತ?"

ಅವನು ಹೋಗಿ ಬಾವಿಗೆ ಇಣುಕಿದ. ಆ ಬೀದಿಗೆ ಬೇರೆ ಸಿಹಿನೀರಿರಲಿಲ್ಲ. ಬಾವಿ ಕೆಟ್ಟರೆ ಬಣ್ಣವಿಲ್ಲ, ಬಣ್ಣವಿಲ್ಲದಿದ್ದರೆ ಮಗ್ಗವಿಲ್ಲ.

ಆಮೇಲಿನ ಮೂರು ದಿನ ನನ್ನ ಬಾಳಿನ ಮಹಾ ಓಟ! ಮಗ್ಗದ ಚಿಂದಿ ನೂಲನ್ನು ಬುಟ್ಟಿಗಟ್ಟಲೆ ಬಾವಿಗೆ ಇಳಿಸಿ, ತೇಲುವ ಎಣ್ಣೆ ಹೀರಿಸಿ, ಹಿಂಡಿ ಪೀಪಾಯಿ ತುಂಬಿದರು. ಗಂಡಸರು ಕಾಲುವೆಯ ಕರಿಮಣ್ಣು ಅಗೆದು ತೆಗೆದರು. ಗದಿಗೆಪ್ಪ ಬಾವಿಗೆ ಪಂಪು ಇಳಿಸಿ ನನ್ನನ್ನು ಹೂಡಿದ. ಬಾವಿ ಬತ್ತಿತು, ಊರಿತು. ಮತ್ತೆ ಬತ್ತಿತು, ಮತ್ತೆ ಊರಿತು. ನಾನೇ ಕೆಡಿಸಿದ ನೀರನ್ನು ನಾನೇ ಎತ್ತುತ್ತಿದ್ದೆ! ಆದರೆ ಅದಕ್ಕಾಗಿ ಏಳು ಪೀಪಾಯಿ ಎಣ್ಣೆ ಕುಡಿದೆ. ನನ್ನ ಹೊಗೆಗೆ ಬೀದಿಯ ಸೂರುಗಳೆಲ್ಲ ಕಪ್ಪಾದವು. ಒಂದು ಕೈಯಲ್ಲಿ ತೊಳೆದೆ, ಇನ್ನೊಂದರಲ್ಲಿ ಬಳಿದೆ. ನಾನಿರುವುದೇ ಹಾಗೆ ಎಂದು ಅಂದೇ ತಿಳಿಯಿತು.

ನಾಲ್ಕನೆಯ ಬೆಳಿಗ್ಗೆ ಹೊಸ ನೀರಿನಲ್ಲಿ ದಾನವ್ವ ಕೆಂಪು ಬಣ್ಣ ಕಲಸಿ ಒಂದು ಲಡಿ ಅದ್ದಿದಳು. ಬೀದಿಗೆ ಬೀದಿಯೇ ಸುತ್ತುವರಿದು ನಿಂತಿತ್ತು. ಲಡಿ ಎತ್ತಿದಳು, ಬಿಸಿಲಿಗೆ ಹಿಡಿದಳು, ಎಳೆ ಎಳೆ ಬಿಡಿಸಿ ನೋಡಿದಳು. ದಾಸವಾಳದ ಕೆಂಪು! ಒಂದು ಚಿಬ್ಬೂ ಇಲ್ಲ!

"ಹಿಡೀತಪಾ," ಎಂದಳು. ಗದಿಗೆಪ್ಪ ಬಾವಿಯಿಂದ ಪಂಪು ಮೇಲೆತ್ತಿದ.

ಮುಂದಿನ ನವಮಿಗೆ ನನಗೆ ಜಳಕವಿಲ್ಲ. ಒಣ ಚಿಂದಿಯಲ್ಲಿ ಒರೆಸಿ, ಪದ ಹಾಡಿ, ಪೂಜೆ ಮುಗಿಸಿದ. ಚಿಂದಿ ಪೀಪಾಯಿಗೆ ಹೋಯಿತು. ದೇವರು ಮುನಿಸಿಕೊಂಡಂತೆ ಕಾಣಲಿಲ್ಲ.

ಎರಡು ವರ್ಷಕ್ಕೆ ದೂರದಿಂದ ಕರೆಂಟು ತರುವ ದೊಡ್ಡ ತಂತಿಗಳು ಊರಿಗೆ ಬಂದವು, ನನ್ನ ಉಸಿರು ನಿಂತಿತು. ಗುಜರಿಗೆ ಒಯ್ಯಲು ಬಂದವರು ನನ್ನ ತೂಕ ನೋಡಿ ಹಿಂದಿರುಗಿದರು. ಬಿಲ್ವದ ಜಾಗದಲ್ಲಿ ಇಂದಿಗೂ ಹುಲ್ಲು ಹುಟ್ಟಿಲ್ಲ. ನಾನು ಆರಿದರೂ ನನ್ನ ಹೆಜ್ಜೆಗುರುತು ಆರಿಲ್ಲ.

ಮೊನ್ನೆ ಮಳೆ ಹನಿಯಿತು. ಮುದುಕಿ ದಾನವ್ವ ಹಸಿ ಲಡಿಗಳನ್ನು ಹೊತ್ತು ತಗಡಿನ ಮನೆಯೊಳಗೆ ಓಡಿಬಂದಳು. ಅತ್ತಿತ್ತ ನೋಡಿದಳು. ನನ್ನ ಚಕ್ರದ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದಳು. ಆಮೇಲೆ ಒಂದೊಂದಾಗಿ ಎಲ್ಲ ಲಡಿಗಳನ್ನೂ ನನ್ನ ಮೈಮೇಲೆ ಹರವಿದಳು.

ಎಲ್ಲವೂ ಬಿಳಿ ನೂಲು!