ಬುಟ್ಟಿಯೊಳಗಿಂದ ಬಂದ ಮಾತು

"ಮೊದಲು ಗುಂಡಿ ತೋಡ್ಲಿ. ಹುಡುಗಿ ವಿಷಯ ಆಮೇಲೆ" ಎಂದರು ಅಪ್ಪ.

ಹುಡುಗಿ ಎಂದರೆ ನನ್ನ ತಂಗಿ ಒಟೀಲಿಯಾ. ಗುಂಡಿ ತೋಡಬೇಕಾದವನು ಬೆಲ್ಮೀರು. ದಾಂವ್ ಕಡೆಯ ಬೆಟ್ಟದ ಊರಿನಿಂದ ಲಿಸ್ಬನ್ ಬಳಿಯ ನಮ್ಮ ಕೊಲಾರಿಶ್‌ಗೆ ವೈನ್ ಪೀಪಾಯಿ ಕಟ್ಟಲು ಬಂದವನು. ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟರೆ ಬೇರೆ ಯಾರೂ ಬೇಕಿರಲಿಲ್ಲ. ಅಪ್ಪನ ಒಪ್ಪಿಗೆಯೊಂದು ಬಾಕಿ ಇತ್ತು.

ನಮ್ಮಲ್ಲಿ ದ್ರಾಕ್ಷಿ ನೆಡುವುದೆಂದರೆ ಬಾವಿ ತೋಡಿದ ಹಾಗೆಯೇ. ಮೇಲೆಲ್ಲ ಕಡಲ ಮರಳು. ಅಡಿಯ ಜೇಡಿಮಣ್ಣು ಸಿಗುವವರೆಗೆ ಅಗೆದು, ಅಲ್ಲಿ ಬಳ್ಳಿಯ ತುಂಡು ಊರಬೇಕು. ಮರಳಿನ ಗೋಡೆಯನ್ನು ನಂಬುವ ಹಾಗಿಲ್ಲ. ಅದಕ್ಕೇ ಇಳಿಯುವವನು ತಲೆಯ ಮೇಲೆ ಬುಟ್ಟಿ ಬೋರಲು ಹಾಕಿಕೊಂಡು ಇಳಿಯುತ್ತಾನೆ. ಹೂತುಹೋದರೂ ಒಳಗೆ ಅಷ್ಟು ಗಾಳಿ ಉಳಿಯುತ್ತದೆ. ಅದು ಮುಗಿಯುವುದರೊಳಗೆ ಮೇಲಿನವರು ಅಗೆದು ತೆಗೆಯಬೇಕು.

ಆ ಬೆಳಿಗ್ಗೆ ಕಡಲ ಗಾಳಿ ಜೋರಾಗಿತ್ತು. ಗಾಳಿಗೆ ಅಡ್ಡ ಕಟ್ಟಿದ ಜೊಂಡಿನ ತಡಿಕೆಗಳು ಒಂದೇ ಸಮನೆ ಕರಕರ ಎನ್ನುತ್ತಿದ್ದವು. ನಾನು ಪಾಠ ಹೇಳುವ ಶಾಲೆಗೆ ಅಂದು ರಜೆ. ಇಂಥ ಗಾಳಿಯಲ್ಲಿ ಗುಂಡಿಯ ಅಂಚು ಒಣಗಿ ಸಡಿಲವಾಗುತ್ತದೆ ಎಂದು ಅಪ್ಪನಿಗೆ ಹೇಳಿದೆ.

"ಲಿಸ್ಬನ್ನಿನ ಕಾಲೇಜಲ್ಲಿ ಮರಳಿನ ಪಾಠಾನೂ ಮಾಡಿದ್ರೇನು, ಲಿಯೊನಿಲ್ದಾ?" ಎಂದರು. ಆಳು ಜೆಫೆರೀನು ಮುಖ ತಿರುಗಿಸಿಕೊಂಡು ನಕ್ಕ.

ಬೆಲ್ಮೀರು ಬುಟ್ಟಿ ಹೊತ್ತು ಇಳಿದ. ಭುಜದವರೆಗೆ ಬರುವ ಹಳೆಯ ದೊಡ್ಡ ಬುಟ್ಟಿ. ಅವನಿಗೆ ತನ್ನ ಕಾಲ ಬುಡದಷ್ಟೇ ಕಾಣುತ್ತಿತ್ತು. ಅವನು ಅಗೆದು ತುಂಬಿಕೊಟ್ಟದ್ದನ್ನು ಜೆಫೆರೀನು ಹಗ್ಗದಿಂದ ಮೇಲೆಳೆದು ಚೆಲ್ಲುತ್ತಿದ್ದ. ಅಪ್ಪ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಮಾತಿಗೆಳೆದರು.

"ಏನಯ್ಯ, ನಿಮ್ಮೂರಲ್ಲಿ ತೂರಿಗ ದ್ರಾಕ್ಷಿ ಅಂತ ಭಾರಿ ಹೆಮ್ಮೆಯಂತೆ. ಕಾಲು ಮಾತ್ರ ಅಮೆರಿಕದ್ದಂತೆ?"

"ಅಮೆರಿಕದ ಬೇರಿಗೆ ಕಸಿ ಮಾಡ್ಲೇಬೇಕು ಯಜಮಾನ್ರೇ. ಇಲ್ದಿದ್ರೆ ಬೇರಿಗೆ ಹುಳ ಬೀಳುತ್ತೆ."

"ನಮ್ಮ ರಮಿಸ್ಕು ದ್ರಾಕ್ಷಿಗೆ ಯಾವ ಹುಳಾನೂ ಇಲ್ಲ. ಮರಳಲ್ಲಿ ಅದು ಬದುಕೋದಿಲ್ಲ. ಹೊರಗಿಂದ ಬಂದದ್ದು ಯಾವುದೂ ಬದುಕೋದಿಲ್ಲ."

"ಬದುಕೋದೇನೋ ಬದುಕುತ್ತೆ ನಿಮ್ಮ ರಮಿಸ್ಕು. ಆದ್ರೆ ಮರಳಲ್ಲಿ ಹೊಟ್ಟೆ ಮೇಲೆ ತೆವಳುತ್ತಲ್ಲ. ನಮ್ಮದು ಸಾಲದ ಕಾಲಿನ ಮೇಲಾದ್ರೂ ನಿಂತಿದೆ" ಎಂದಿತು ಬುಟ್ಟಿ.

ನನ್ನ ಪಕ್ಕ ನಿಂತಿದ್ದ ಒಟೀಲಿಯಾ ತಲೆವಸ್ತ್ರದ ಅಂಚನ್ನು ಬಾಯಿಗೊತ್ತಿಕೊಂಡು ನಕ್ಕಳು. ಅಪ್ಪನೂ ನಕ್ಕರು. ನನಗೆ ಆ ನಗು ಹಿಡಿಸಲಿಲ್ಲ.

"ಮಾತು ಬರುತ್ತೆ ಹುಡುಗನಿಗೆ. ಉತ್ತರದ ಮಿನ್ಯುವಿನವ್ರ ಪಾಡಾದ್ರೆ ಇನ್ನೂ ಕಷ್ಟ. ಒಗೆದ ಬಟ್ಟೆ ಹಾಗೆ ಬಳ್ಳೀನ ಮರಕ್ಕೆ ನೇತುಹಾಕ್ತಾರೆ. ಅವ್ರ ವೈನ್ ಕುಡಿದ್ರೆ ನಿಂಬೆ ಪಾನಕ."

"ನಿಮ್ಮದನ್ನ ಕುಡಿಯೋಕೆ ಹತ್ತು ವರ್ಷ ಕಾಯ್ಬೇಕು ಯಜಮಾನ್ರೇ. ಅಲ್ಲೀವರೆಗೂ ಒಗರು."

"ಕಾಯೋಕೆ ಆಗ್ದೋರಿಗೆ ಇದು ಅಲ್ಲ" ಎಂದರು ಅಪ್ಪ. ಆಗ ಅವರು ನಗುತ್ತಿರಲಿಲ್ಲ.

ಊಟದ ಹೊತ್ತಿಗೆ ಕೆಳಗಿಂದ "ಜೇಡಿ ಸಿಕ್ಕಿತು" ಎಂಬ ಕೂಗು ಬಂತು. ಒಟೀಲಿಯಾ ನನ್ನ ಕೈ ಹಿಡಿದುಕೊಂಡಳು. ಅದೇ ಗಳಿಗೆಗೆ ಗಾಳಿಯ ಕಡೆಯ ಗೋಡೆ ಕುಸಿಯಿತು. ಸದ್ದೇ ಆಗಲಿಲ್ಲ. ಯಾರೋ ಚೀಲದಿಂದ ಧಾನ್ಯ ಸುರಿದ ಹಾಗೆ ಮರಳು ಇಳಿಯಿತು. ಕೆಳಗೆ ಬುಟ್ಟಿಯ ಅರ್ಧ ಮಾತ್ರ ಕಾಣುತ್ತಿತ್ತು.

ಜೆಫೆರೀನು ಸನಿಕೆ ಹಿಡಿದು ಏಣಿಗೆ ಕಾಲಿಟ್ಟ. ಅಪ್ಪ ಅವನ ತೋಳು ಹಿಡಿದರು.

"ನಿಲ್ಲು. ಇನ್ನೊಂದು ಕಡೆಯದೂ ಬೀಳಬಹುದು. ನಾನು ಹೇಳೋವರೆಗೂ ಯಾರೂ ಇಳೀಬಾರ್ದು."

ಆ ಮಾತಿನಲ್ಲಿ ತಪ್ಪು ಹುಡುಕಲಾಗುತ್ತಿರಲಿಲ್ಲ. ಆದರೆ ಅವರು ಗೋಡೆಯ ಕಡೆ ನೋಡಲೇ ಇಲ್ಲ. ಬುಟ್ಟಿಯನ್ನೇ ನೋಡುತ್ತಿದ್ದರು.

"ಬೆಲ್ಮೀರೂ, ಕೇಳಿಸ್ತಿದೆಯಾ?"

"ತೆಗೀರಿ ಯಜಮಾನ್ರೇ. ಎದೆ ಒತ್ತುತ್ತಿದೆ."

"ತೆಗಿಯೋಣ. ಅವಸರ ಏನು? ಒಂದು ಮಾತು ಹೇಳಿಬಿಡು. ಹುಡುಗೀನ ಬಿಟ್ಟು ನಿನ್ನೂರಿಗೆ ಹೋಗ್ತೀಯೋ?"

ನಾನು ಜೆಫೆರೀನುವಿನ ಕೈಯಿಂದ ಸನಿಕೆ ಕಿತ್ತುಕೊಂಡು ಇಳಿದೆ. ಅಪ್ಪ ಹೆಸರು ಹಿಡಿದು ಕೂಗಿದರು, ನಾನು ತಿರುಗಲಿಲ್ಲ. ಹಿಂದೆಯೇ ಒಟೀಲಿಯಾ ಇಳಿದು ಬರಿಗೈಯಲ್ಲಿ ಬಾಚತೊಡಗಿದಳು. ಒಣ ಮರಳು ತೆಗೆದಷ್ಟೂ ಹಿಂದಕ್ಕೆ ಜಾರುತ್ತಿತ್ತು. ಆದರೂ ಬುಟ್ಟಿಯ ಅಂಚು ಬಿಟ್ಟುಕೊಂಡಿತು, ಆಮೇಲೆ ಅವನ ಒಂದು ಭುಜ.

"ಬೆಲ್ಮೀರೂ, ನಾವಿದ್ದೀವಿ" ಎಂದೆ. ಅವನ ಉಸಿರು ಬುಟ್ಟಿಯೊಳಗೆ ತಿದಿಯ ಹಾಗೆ ಆಡುತ್ತಿತ್ತು. ನನ್ನ ಮಾತು ಒಳಗೆ ಹೋಯಿತೋ ಇಲ್ಲವೋ.

"ಹೇಳಯ್ಯ, ಹೋಗ್ತೀಯೋ?" ಮೇಲಿಂದ ಅಪ್ಪನ ದನಿ ಸಣ್ಣ ಮಗುವನ್ನು ರಮಿಸುವಂತಿತ್ತು.

"ಹೋಗ್ತೀನಿ" ಎಂದಿತು ಬುಟ್ಟಿ. "ಹೋಗ್ತೀನಿ ಯಜಮಾನ್ರೇ. ಅವಳು ಬೇಡ. ಯಾರೂ ಬೇಡ. ತೆಗೀರಿ."

ಒಟೀಲಿಯಾಳ ಕೈಗಳು ನಿಂತವು. ಮರಳಿನಲ್ಲಿ ಮುಂಗೈವರೆಗೆ ಹೂತಿದ್ದುದನ್ನು ಹಾಗೆಯೇ ಬಿಟ್ಟಳು. ನಾನೊಬ್ಬಳೇ ಅಗೆಯುತ್ತಿದ್ದೆ. ಅಷ್ಟರಲ್ಲಿ ಜೆಫೆರೀನು ಇಳಿದು ಬಂದು ಹಗ್ಗ ಹಾಕಿದ.

ಮೇಲೆ ಬಂದಾಗ ಬೆಲ್ಮೀರುವಿನ ತುಟಿ ನೀಲಿಗಟ್ಟಿತ್ತು. ಬುಟ್ಟಿ ತೆಗೆದು ಅಂಗಾತ ಮಲಗಿಸಿದೆವು. ಕಣ್ಣು ಬಿಟ್ಟವನೇ ಒಟೀಲಿಯಾಳ ಕಡೆ ಕೈ ಚಾಚಿದ.

"ಅದು ಲೆಕ್ಕಕ್ಕಿಲ್ಲ ಒಟೀಲಿಯಾ. ಸಾಯ್ತಿದ್ದೆ ನಾನು."

"ಅಕ್ಕ ನಿನ್ನ ಭುಜದವರೆಗೂ ತೆಗೆದಿದ್ದಳು."

"ನಂಗೆ ಕಾಣ್ತಿರ್ಲಿಲ್ಲ."

"ನಂಗೆ ಕಾಣ್ತಿತ್ತು."

ನನಗೆ ತಡೆಯಲಾಗಲಿಲ್ಲ. "ಉಸಿರು ಕಟ್ಟಿದವನ ಬಾಯಿಂದ ಬಂದದ್ದನ್ನ ಹಿಡ್ಕೊಂಡು ಕೂತಿದ್ದೀಯಲ್ಲ. ಕಟ್ಟಿಸಿದವರನ್ನ ಏನೂ ಕೇಳಲ್ವಾ?"

"ಅಪ್ಪ ಇಂಥವ್ರು ಅಂತ ನಂಗೆ ಮೊದಲೇ ಗೊತ್ತಿತ್ತಲ್ಲ, ಅಕ್ಕ" ಎಂದಳು.

ಬೆಲ್ಮೀರು ಎದ್ದು ಕೂತ. ಯಾರಾದರೂ ಏನಾದರೂ ಹೇಳಿಯಾರೆಂದು ಒಬ್ಬೊಬ್ಬರ ಮುಖವನ್ನೂ ನೋಡಿದ. ಅಪ್ಪ ತಮ್ಮದೇ ಲೋಟದಲ್ಲಿ ಅವನಿಗೆ ವೈನ್ ಕೊಟ್ಟರು. ಕುಡಿದ. ಕುಡಿದರೆ ಮಾತಿಗೆ ಒಪ್ಪಿದ ಹಾಗೆ ಎಂದು ಆಮೇಲೆ ಹೊಳೆದಿರಬೇಕು. ಲೋಟವನ್ನು ಮರಳಿನ ಮೇಲಿಟ್ಟು, ಮೊಣಕಾಲು ಒರೆಸಿಕೊಂಡು, ಟ್ರಾಮು ನಿಲ್ಲುವ ದಾರಿ ಹಿಡಿದ. ತಡಿಕೆಗಳ ಆಚೆ ಅವನ ತಲೆ ಸ್ವಲ್ಪ ದೂರ ಕಂಡಿತು.

"ಅಗೆದದ್ದನ್ನ ದಂಡ ಮಾಡೋದು ಬೇಡ. ಜೆಫೆರೀನು, ಇನ್ನೊಂಚೂರು ಬಿಡಿಸಿ ಬಳ್ಳಿ ನೆಟ್ಟುಬಿಡು" ಎಂದರು ಅಪ್ಪ. ಮನೆಮಂದಿಯನ್ನೆಲ್ಲ ಕಾಪಾಡಿದವರ ಮುಖ ಅವರದು.

ಜೆಫೆರೀನು ಮರಳು ಬಿಡಿಸಿ ಜೇಡಿ ಕಾಣುವಂತೆ ಮಾಡಿ ಮೇಲೆ ಬಂದ. ಅವನು ಬಳ್ಳಿಯ ತುಂಡು ಎತ್ತಿಕೊಳ್ಳುವ ಮೊದಲೇ ಒಟೀಲಿಯಾ ಅದನ್ನು ತೆಗೆದುಕೊಂಡು ಏಣಿಯ ಬಳಿ ಹೋದಳು.

"ಬುಟ್ಟಿ ಹಾಕ್ಕೋ" ಎಂದರು ಅಪ್ಪ.

"ಬೇಡ."

"ಹುಚ್ಚಾಟ ಆಡ್ಬೇಡ ಒಟೀಲಿಯಾ. ಗೋಡೆ ಸಡಿಲ ಇದೆ."

"ಬೀಳ್ಲಿ. ನನ್ನ ಹತ್ರ ಏನು ಕೇಳ್ತೀರೋ ನೋಡೋಣ."

ಅವಳು ಇಳಿದಳು. ಅಪ್ಪ ಎರಡು ಹೆಜ್ಜೆ ಮುಂದೆ ಹೋದರು. ಅವರ ಬೂಟಿನಡಿಯ ಅಂಚು ಒಂದಿಷ್ಟು ಜಾರಿತು. ಅಲ್ಲೇ ಮರಗಟ್ಟಿ ನಿಂತರು. ಮುಂದೆ ಹೋದರೆ ತಮ್ಮ ಭಾರಕ್ಕೇ ಗೋಡೆ ಬೀಳುತ್ತದೆ. ಹಿಂದೆ ಸರಿದರೆ ಅವಳು ಕಾಣುವುದಿಲ್ಲ.

"ಲಿಯೊನಿಲ್ದಾ, ಅವಳಿಗೆ ಹೇಳು" ಎಂದರು. ಅವರು ನನ್ನನ್ನು ಹಾಗೆ ಬೇಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ನಾನು ಹೇಳಿದೆ. ಅವಳು ತಲೆಯೆತ್ತಲಿಲ್ಲ. ಜೇಡಿಯಲ್ಲಿ ಬೆರಳಿನಿಂದ ತೂತು ಮಾಡಿ, ತುಂಡು ಊರಿ, ಸುತ್ತಲಿನ ಮಣ್ಣನ್ನು ಒತ್ತುತ್ತ ಕೂತಳು. ಒತ್ತಿದ್ದನ್ನೇ ಮತ್ತೆ ಒತ್ತಿದಳು. ಅವಳಿಗೆ ಯಾವ ಅವಸರವೂ ಇರಲಿಲ್ಲ.