ಸಿಳ್ಳೆಗೆ ಒಗ್ಗುವ ಹಲ್ಲಿನ ಸೆಟ್

ಹೋದ ವರ್ಷ ಒಂದು ಟಗರು ಗುದ್ದಿ ಕುರಿ ಕಾಯುವ ಫೆರ್ಮಿನ್ ಅಜ್ಜನ ಮೇಲಿನ ಮೂರು ಹಲ್ಲು ಉದುರಿಸಿತು. ಟಗರಿನ ಮೇಲೆ ಅವನಿಗೆ ಸಿಟ್ಟಿಲ್ಲ, ಸಿಟ್ಟೆಲ್ಲ ನನ್ನ ಮೇಲೆ. ಅಮೆರಿಕದ ಇಡಾಹೋ ರಾಜ್ಯದ ನಮ್ಮ ಈ ಸಣ್ಣ ಊರಿನಲ್ಲಿ ಹಲ್ಲಿನ ಸೆಟ್ ಮಾಡಿಕೊಡುವವಳು ನಾನೊಬ್ಬಳೇ.

ಮೊದಲು ಪ್ಲಾಸ್ಟಿಕ್ಕಿನದು ಮಾಡಿಕೊಟ್ಟೆ. ಒಸಡಿನ ಬಣ್ಣಕ್ಕೆ ಎಷ್ಟು ಹೊಂದಿತ್ತೆಂದರೆ, ಹಾಕಿಕೊಂಡದ್ದೇ ಗೊತ್ತಾಗುತ್ತಿರಲಿಲ್ಲ. ಅವನ ಹೆಂಡತಿ ಮಿರೆನ್ ಕನ್ನಡಿ ಹಿಡಿದು, "ಮದುಮಗನ ಥರ ಕಾಣ್ತೀಯ" ಅಂದಳು. ಅವನು ಕನ್ನಡಿಯ ಕಡೆ ತಿರುಗಲೂ ಇಲ್ಲ. ಕಿಟಕಿ ತೆರೆದು, ಹೊರಗೆ ಪಿಕಪ್ಪಿನಲ್ಲಿ ಕೂತಿದ್ದ ತನ್ನ ನಾಯಿ ಬೆಲ್ಚನಿಗೆ ಸಿಳ್ಳೆ ಹೊಡೆದ. ಬುಸ್ ಎಂದು ಗಾಳಿ ಬಂತು, ಅಷ್ಟೇ. ಬೆಲ್ಚ ಆಕಳಿಸಿತು.

"ನೋಡಮ್ಮಾ, ಮುಂದಿನ ತಿಂಗಳು ಬೇಸಿಗೆ ಮೇವಿಗೆ ಕುರಿ ಬೆಟ್ಟಕ್ಕೆ ಹೊರಡ್ತವೆ. ಸಿಳ್ಳೆ ಇಲ್ದಿದ್ರೆ ಈ ನಾಯಿ ಕದಲಲ್ಲ. ನಾನು ಅಲ್ಲಿ ಹೋಗಿ ಏನ್ ಮಾಡ್ಲಿ?"

"ಹೋಗ್ಬೇಡ ಬಿಡು, ಎಪ್ಪತ್ತಾಯ್ತು" ಅಂದಳು ಮಿರೆನ್.

ನಾಯಿಯ ಆಕಳಿಕೆಯಿಂದ ನನ್ನ ಮಾನ ಹೋಗಿತ್ತು. ತಪ್ಪು ಎಲ್ಲಿದೆ ಅಂತ ಗೊತ್ತಿತ್ತು. ಪ್ಲಾಸ್ಟಿಕ್ ತೆಳುವಾದರೆ ಬಿರುಕು ಬಿಡುತ್ತದೆ, ದಪ್ಪವಾದರೆ ನಾಲಿಗೆಗೆ ಜಾಗ ಇರುವುದಿಲ್ಲ. ಲೋಹವಾದರೆ ಉಗುರಿನಷ್ಟು ತೆಳುವಾಗಿ ಎರಕ ಹೊಯ್ಯಬಹುದು, ಅಂಗುಳದ ಗೆರೆಗಳನ್ನೂ ಅದರ ಮೇಲೆ ಮೂಡಿಸಬಹುದು. ಆದರೆ ಪಕ್ಕದ ಹಲ್ಲುಗಳನ್ನು ಹಿಡಿದುಕೊಳ್ಳುವ ಕೊಂಡಿಗಳು ನಕ್ಕಾಗ ಮಿನುಗುತ್ತವೆ.

"ಬಾಯಲ್ಲಿ ಬೇಲಿ ತಂತಿ ಹಾಕ್ದಂಗೆ ಕಾಣುತ್ತೆ. ಬೇಡವೇ ಬೇಡ!" ಮಿರೆನ್ ಹಟ ಹಿಡಿದಳು.

"ನಾನು ನಗೋದೇ ವರ್ಷಕ್ಕೆ ಎರಡು ಸಲ" ಅಂದ ಅಜ್ಜ.

ಮೂರು ಸಲ ಚಿತ್ರ ಬರೆದು ಹರಿದು ಹಾಕಿದೆ. ಕೊನೆಗೆ ಕೊಂಡಿಗಳನ್ನು ಆದಷ್ಟು ಹಿಂದಕ್ಕೆ ಸರಿಸಿ ಲೋಹದಲ್ಲೇ ಮಾಡಿದೆ. ಅಜ್ಜ ಅದನ್ನು ಕೂರಿಸಿಕೊಂಡು, ನಾಲಿಗೆಯಿಂದ ತಡವಿ ನೋಡಿ, ಕಿಟಕಿಗೆ ಬಾಯಿಟ್ಟ. ಸಿಳ್ಳೆ ಬೀದಿಯ ಆ ತುದಿಯವರೆಗೆ ಹೋಯಿತು! ಬೆಲ್ಚ ಪಿಕಪ್ಪಿನಿಂದ ಹಾರಿ, ಬಾಗಿಲು ತಳ್ಳಿಕೊಂಡು ಬಂದು, ಅವನ ಕಾಲ ಬಳಿ ಮಲಗಿ ಮುಖ ನೋಡಿತು. ನನಗಂತೂ ಕುಣಿಯುವಷ್ಟು ಖುಷಿಯಾಯಿತು.

ಮಿರೆನ್ ಮಾತ್ರ ನಗಲಿಲ್ಲ.

"ಹೋಗೇಬಿಡ್ತೀಯ ಅಲ್ವಾ? ಆ ಪ್ಲಾಸ್ಟಿಕ್ಕೇ ಆಗಿದ್ರೆ ನೀನು ಈ ಬೇಸಿಗೆ ಮನೇಲಿರ್ತಿದ್ದೆ. ಮದುವೆ ಆದಾಗಿಂದ ಒಂದು ಬೇಸಿಗೇನೂ ನಿನ್ನ ಜೊತೆ ಇದ್ದವಳಲ್ಲ ನಾನು."

ತಂತಿಯ ಜಗಳವೆಲ್ಲ ಇದಕ್ಕಾಗಿ ಎಂದು ನನಗೆ ಹೊಳೆದೇ ಇರಲಿಲ್ಲ. ಅಜ್ಜ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

ಮಿರೆನ್ ಕಣ್ಣೊರೆಸಿಕೊಂಡು ಕೇಳಿದಳು: "ಬೆಟ್ಟದ ಮೇಲೆ ನೀನು ಮಲಗೋ ಗಾಡೀಲಿ ಮಂಚ ಎಷ್ಟಗಲ?"

"ಒಬ್ಬರಿಗೆ ಸಾಕು."

"ಹಾಗಾದ್ರೆ ನೀನು ನಾಯಿ ಜೊತೆ ಹೊರಗೆ ಮಲಗು. ನಾನೂ ಬರ್ತಿದೀನಿ."

ಅಜ್ಜ ನಕ್ಕ. ಕೊಂಡಿ ಎರಡೂ ಮಿನುಗಿದವು, ಈ ಸಲ ಮಿರೆನ್ ಬೇಲಿ ತಂತಿಯ ಮಾತೆತ್ತಲಿಲ್ಲ.